ಕೂಸಿಗೆ ಎರೆಯುವ ಪರೀಕ್ಷೆ

ನಾನು ಸ್ವಲ್ಪ ಹೆಚ್ಚೇ ಧೈರ್ಯದ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಪಟ್ಟ ಪಾಡನ್ನು ಓದಿ ನೀವು ನನ್ನನ್ನು ಪಾಪದವಳು ಎಂದುಕೊಳ್ಳುವ ಅಪಾಯವಿದೆ. ಸವದತ್ತಿಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಟೀಚರು. ಒಂಬತ್ತನೇ ತರಗತಿಯ ಐವತ್ತು ಮಕ್ಕಳನ್ನು ಬರೀ ಕಣ್ಣಲ್ಲೇ ಸುಮ್ಮನಾಗಿಸುತ್ತೇನೆ. ಸ್ಕೂಟಿ ಹತ್ತಿದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕಿ ಹೋಗುತ್ತೇನೆ. ಹೀಗಿರುವಾಗ ಮೂರು ಕೆಜಿಯ ಒಂದು ಜೀವ ನನ್ನನ್ನು ಏನು ಮಾಡೀತು ಎಂದು ಹೆರಿಗೆಗೆ ಮುಂಚೆ ನಿಶ್ಚಿಂತೆಯಿಂದ ಇದ್ದೆ.

ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ಕಲಿತದ್ದು ಬಹಳ. ಕೂಸು ಯಾಕೆ ಅಳುತ್ತಿದೆ ಎಂಬುದು ತಾಯಿಯೊಬ್ಬಳನ್ನು ಬಿಟ್ಟು ಓಣಿಯ ಎಲ್ಲರಿಗೂ ಗೊತ್ತಿರುತ್ತದೆ ಎಂದು ಕಲಿತೆ. ಮೂಗು ಯಾರ ಕಡೆಯದು ಎಂಬ ಚರ್ಚೆ ನಡೆಯುವಾಗ ಹೆತ್ತವಳು ಬಾಯಿ ಹಾಕಬಾರದು ಎಂದು ಕಲಿತೆ. ಮೇ ತಿಂಗಳ ಬಿಸಿಲಿನಲ್ಲಿ ಕೂಸಿಗೆ ಕುಂಚಿಗೆ ಕಟ್ಟದೆ ಬಾಗಿಲಿಗೆ ಬಂದರೆ ಬಸ್ ಕಂಡಕ್ಟರ್ ಕೂಡ ಬುದ್ಧಿ ಹೇಳುತ್ತಾನೆ ಎಂಬುದನ್ನೂ ಕಲಿತೆ. ಕಲಿಯದೆ ಉಳಿದದ್ದು ಒಂದೇ, ಎರೆಯುವುದು. ಕಲಿಯಲಿಲ್ಲ ಏಕೆಂದರೆ ಯಾರೂ ಕೈಗೆ ತಂಬಿಗೆ ಕೊಡಲಿಲ್ಲ.

ನಮ್ಮ ಕಡೆ ಕೂಸಿಗೆ ಸ್ನಾನ ಮಾಡಿಸುವುದಿಲ್ಲ, ಎರೆಯುತ್ತಾರೆ. ಬಚ್ಚಲಲ್ಲಿ ಮಣೆ ಹಾಕಿ ಕುಳಿತು, ಕಾಲು ಚಾಚಿ, ಎಣ್ಣೆ ತಿಕ್ಕಿದ ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಕಡಲೆಹಿಟ್ಟು ಹಚ್ಚಿ, ಹಂಡೆಯ ಬಿಸಿನೀರು ಹೊಯ್ಯಬೇಕು. ತವರಿನಲ್ಲಿದ್ದಾಗ ಅದಕ್ಕೆಂದೇ ಬಂದಿದ್ದ ದೊಡ್ಡವ್ವ ಎರೆದಳು. ಐದನೇ ತಿಂಗಳಿಗೆ ಕಟಕೋಳದ ಗಂಡನ ಮನೆಗೆ ಬಂದ ಮೇಲೆ ಕೆಲಸ ಅತ್ತೆಯ ಪಾಲಾಯಿತು. ನಾನು ಟವೆಲ್ ಹಿಡಿದು ಬಾಗಿಲಲ್ಲಿ ನಿಲ್ಲುವವಳು. ಹುರುಪಿನಿಂದ ರಾಮದುರ್ಗಕ್ಕೆ ಹೋಗಿ ಗುಲಾಬಿ ಬಣ್ಣದ ಟಬ್ಬೊಂದನ್ನು ತಂದೆ. ಮರುದಿನವೇ ಅತ್ತೆ ಅದರಲ್ಲಿ ಎಮ್ಮೆಗೆ ಹಿಂಡಿ ನೆನೆಹಾಕಿದರು.

ಅತ್ತೆ ಎರೆಯುವಾಗ ಬಾಯಿ ಸುಮ್ಮನಿರುವುದಿಲ್ಲ. ಮೊಮ್ಮಗಳೊಂದಿಗೆ ಮಾತು, ಮಾತಿನ ತುಂಬ ನಾನು. "ನಿಮ್ಮವ್ವಗ ರೊಟ್ಟಿ ಬಡಿಯಾಕ ಬರೂದಿಲ್ಲವಾ. ಏಳು ಹೊಡದ್ರೂ ಏಳೂದಿಲ್ಲ. ಮೊಬೈಲ್ ನೋಡಕೋತ ಹಾಲು ಕುಡಸ್ತಾಳ. ಹೌದೋ ಅಲ್ಲೋ, ಹೇಳು." ಕೂಸು ಕಣ್ಣರಳಿಸಿ ಕೇಳುತ್ತ ಗಪ್ಪಾಗಿ ಮಲಗಿರುತ್ತಿತ್ತು. ಮೊದಮೊದಲು ನನಗೆ ಸಿಟ್ಟು ಬಂದದ್ದು ನಿಜ. ಆಮೇಲೆ ಅಭ್ಯಾಸವಾಯಿತು.

ಹೆರಿಗೆ ರಜೆ ಮುಗಿಯಲು ಹದಿನೈದು ದಿನ ಉಳಿದಾಗ ತಂಟೆ ಶುರುವಾಯಿತು. ಗಂಡನಿಗೂ ನನಗೂ ಕೆಲಸ ಸವದತ್ತಿಯಲ್ಲಿ. ಅಲ್ಲಿ ಬಾಡಿಗೆ ಮನೆ ಗೊತ್ತು ಮಾಡಿಯಾಗಿತ್ತು. ಹಗಲು ಕೂಸನ್ನು ನೋಡಿಕೊಳ್ಳಲು ಅದೇ ಊರಿನಲ್ಲಿ ನನ್ನ ಅವ್ವ ಇದ್ದಾಳೆ, ಆದರೆ ಅವಳ ಮೊಣಕಾಲು ಕೆಳಗೆ ಕೂರಲು ಬಿಡುವುದಿಲ್ಲ. ಅತ್ತೆ ಎಮ್ಮೆಗಳನ್ನು ಬಿಟ್ಟು ಬರುವಂತಿಲ್ಲ. ಗಂಡ ಎರೆಯಬಹುದಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಅತ್ತೆ ನಕ್ಕರು, ಅವರನ್ನು ನೋಡಿ ಅವನೂ ನಕ್ಕ.

ಅತ್ತೆ ತೀರ್ಪು ಕೊಟ್ಟರು. "ನೀ ಎರಿಯೂದು ಕಲತ್ರ ಕೂಸನ್ನ ಕರಕೊಂಡು ಹೋಗವಾ. ಇಲ್ಲಂದ್ರ ಅದು ಇಲ್ಲೇ ಇರಲಿ. ಐತವಾರಕ್ಕೊಮ್ಮೆ ಬಂದು ನೋಡಿ ಹೋಗು."

"ಕಲೀತೇನ್ರಿ ಅತ್ತಿ, ಅದರಾಗೇನೈತಿ," ಎಂದೆ ಗತ್ತಿನಿಂದ. ವಾರಕ್ಕೊಮ್ಮೆ ಬಂದು ಹೋಗುವ ಬೀಗರ ಹಾಗೆ ನನ್ನ ಮಗಳಿಗೆ ತಾಯಿಯಾಗುವುದು ನನಗೆ ಬೇಕಿರಲಿಲ್ಲ.

ವಿಜ್ಞಾನದವಳಲ್ಲವೇ, ಪ್ರಯೋಗದಿಂದಲೇ ಆರಂಭಿಸಿದೆ. ಸಂತೆಯಿಂದ ಮಗಳಷ್ಟೇ ತೂಕದ ಕುಂಬಳಕಾಯಿ ತರಿಸಿ, ಬಚ್ಚಲಲ್ಲಿ ಕುಳಿತು, ಎಣ್ಣೆ ತಿಕ್ಕಿ, ಹಣೆಗೆ ಕೈ ಅಡ್ಡ ಹಿಡಿದು ನೀರು ಹೊಯ್ದೆ. ಕುಂಬಳಕಾಯಿಗೆ ಹಣೆ ಯಾವುದು ಎಂದು ಕೇಳಬೇಡಿ, ನಾನು ಗೊತ್ತುಮಾಡಿಕೊಂಡಿದ್ದೆ. ಮೂರು ಸಲ ಜಾರಿ ಬಿತ್ತು, ನಾಲ್ಕನೇ ಸಲ ನಿಂತಿತು. ಅಷ್ಟರಲ್ಲಿ ಗಂಡ ಬಾಗಿಲು ತೆರೆದವನು ಒಂದು ಕ್ಷಣ ನೋಡಿ, ಮೆಲ್ಲಗೆ ಅದನ್ನು ಮುಂದೆಳೆದುಕೊಂಡು ಹೋದ. ಮರುದಿನ ಅತ್ತೆ ಆ ಕುಂಬಳಕಾಯಿಯನ್ನು ಹೆಚ್ಚಿ ಸಿಹಿ ಗಾರಿಗೆ ಮಾಡಿದರು. ಈ ಸಲದ ಕಾಯಿ ಭಾಳ ಮೆತ್ತಗ ಅದಾವ ಎಂದರು.

ಹೊರಡಲು ನಾಲ್ಕು ದಿನವಿರುವಾಗ ನಿಜವಾದ ಪರೀಕ್ಷೆ. ಅತ್ತೆ ನೀರು ಹದ ಮಾಡಿಕೊಟ್ಟು, "ನಾ ಹೊರಗ ಇರತೇನಿ, ನಾ ಇದ್ರ ನಿನ್ನ ಕೈ ನಡಗತಾವ," ಎಂದು ಹೋದರು. ಎಣ್ಣೆ ಸರಿಯಾಗಿತ್ತು, ಹಿಟ್ಟು ಸರಿಯಾಗಿತ್ತು, ಕೂತ ಭಂಗಿ ಅತ್ತೆಯದೇ. ಮಗಳು ಮಾತ್ರ ಮೊದಲ ತಂಬಿಗೆಗೇ ಊರು ಕೇಳುವಂತೆ ಕಿರುಚಿದಳು. ಹಾಡು ಹೇಳಿದೆ, ಹೆಚ್ಚು ಕಿರುಚಿದಳು. "ಜಾಣೆ, ಅಳಬಾರದು ಪುಟ್ಟ," ಎಂದು ಪಠ್ಯಪುಸ್ತಕದ ಕನ್ನಡದಲ್ಲಿ ಬೇಡಿಕೊಂಡೆ, ಒದ್ದಳು. ಐವತ್ತು ಮಕ್ಕಳನ್ನು ಸುಮ್ಮನಾಗಿಸುವ ಕಣ್ಣು ಬಿಟ್ಟು ನೋಡಿದೆ. ಅದಕ್ಕೂ ಅವಳು ಕ್ಯಾರೇ ಎನ್ನಲಿಲ್ಲ. ಇನ್ನು ಐತವಾರದ ತಾಯಿಯೇ ಗತಿ ಎಂದು ಕೈಚೆಲ್ಲುವ ಹೊತ್ತಿಗೆ, ಈ ಬಚ್ಚಲಿಗೆ ಏನೋ ಕಡಿಮೆಯಾಗಿದೆ ಅನಿಸಿತು.

"ನಿಮ್ಮವ್ವಗ ರೊಟ್ಟಿ ಬಡಿಯಾಕ ಬರೂದಿಲ್ಲವಾ," ಎಂದೆ.

ಅಳು ನಿಂತಿತು. ಮುಖ ಹೊರಳಿಸಿ ನನ್ನನ್ನು ನೋಡಿದಳು. "ಏಳು ಹೊಡದ್ರೂ ಏಳೂದಿಲ್ಲ," ಎಂದೆ. ಕಾಲು ಸಡಿಲ ಬಿಟ್ಟಳು. ಅತ್ತೆಯ ಮಾತುಗಳನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದೆ. ಬೆನ್ನಾಯಿತು, ತಲೆ ಉಳಿದಿತ್ತು. ಆದರೆ ಮಾತು ಮುಗಿಯಿತು, ತುಟಿ ಮತ್ತೆ ಅಳುವಿಗೆ ತಿರುಗತೊಡಗಿತು. ಬೇರೆ ದಾರಿ ಇರಲಿಲ್ಲ, ಸ್ವಂತದ್ದನ್ನು ತೆಗೆದೆ.

"ನಿಮ್ಮ ಆಯಿ, ನಮ್ಮ ಅತ್ತಿ, ತೇದು ಕೊಟ್ಟ ಗುಟ್ಟಿ ಔಷಧ ನಾ ನಿನಗ ಕುಡಸಲಿಲ್ಲವಾ, ದಾಸಾಳ ಗಿಡಕ್ಕ ಹಾಕಿದೆ. ಗಿಡ ಛಲೋ ಬೆಳದೈತಿ. ಬಾಣಂತನಕ್ಕಂತ ನನಗ ಮಾಡಿಟ್ಟ ಅಂಟಿನ ಉಂಡಿ ನಿಮ್ಮಪ್ಪಗ ತಿನಿಸಿದೆ, ಅದಕ್ಕ ಅವರ ಹೊಟ್ಟಿ ಹಂಗ ಬಂದೈತಿ." ಮಗಳು ಕಿಲಕಿಲ ನಕ್ಕಳು. ಕೊನೆಯ ತಂಬಿಗೆ ಎತ್ತಿದಾಗ ಇನ್ನೊಂದು ತಾನಾಗಿಯೇ ಬಂತು. "ನಿನ್ನ ಬಿಟ್ಟು ಸಾಲಿಗೆ ಹೋಗಾಕ ನಿಮ್ಮವ್ವಗ ಒಂದೀಟು ಖುಷಿನೂ ಆಗೈತವಾ. ಖುಷಿ ಆಗೈತೆಲ್ಲಾ ಅಂತ ಅಳುನೂ ಬರತೈತಿ."

ತಿರುಗಿದರೆ ಅತ್ತೆ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೊಮ್ಮಗಳನ್ನು ಎತ್ತಿಕೊಂಡು, ಕಿವಿಯ ಹಿಂದೆ ಉಳಿದ ಹಿಟ್ಟು ಒರೆಸಿದರು.

"ಛಲೋ ಎರದಿ. ಕರಕೊಂಡು ಹೋಗು," ಎಂದರು. ನಾಲ್ಕು ಹೆಜ್ಜೆ ಹೋದವರು ನಿಂತರು. "ನೀ ಈಗ ಹೇಳಿದ ಮೂರರಾಗ ಎರಡು ನನಗ ಗೊತ್ತಿರಲಿಲ್ಲ. ಕಡೀದು ಗೊತ್ತಿತ್ತು."

ಈಗ ಸವದತ್ತಿಯಲ್ಲಿ ದಿನಾ ಮುಂಜಾನೆ ನಾನೇ ಎರೆಯುತ್ತೇನೆ. ಬಾಡಿಗೆ ಮನೆಯ ಬಚ್ಚಲಿನ ಕಿಟಕಿ ಓಣಿಯ ಕಡೆಗಿದೆ. ಹಾಲಿಗೆ ಹೋಗುವವರು ಅಲ್ಲಿ ಒಂದು ಗಳಿಗೆ ನಿಲ್ಲುವುದನ್ನು ನೋಡಿದ್ದೇನೆ. ಮಗಳಿಗೆ ಹಳೆಯ ತಪ್ಪುಗಳು ಸಾಕಾಗಿ ಹೋಗಿವೆ, ದಿನಕ್ಕೊಂದು ಹೊಸದು ಬೇಕು. ನಾನು ಧೈರ್ಯದ ಹೆಂಗಸು. ಇವತ್ತಿನವರೆಗೆ ಒಂದು ದಿನವೂ ಕೊರತೆ ಬೀಳಲು ಬಿಟ್ಟಿಲ್ಲ.