ಭಾನುವಾರದ ಚಕ್ರವರ್ತಿ

ನಮ್ಮ ಸೋದರಮಾವನ ಮನೆದೇವರು ನಂಜುಂಡೇಶ್ವರ. ಆದರೆ ಭಾನುವಾರ ಬಂತೆಂದರೆ ಅವರು ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನನ ಒಕ್ಕಲು! ನಂಬುವುದಿಲ್ಲವೇ? ಇಂಗ್ಲೆಂಡಿನ ಲೀಡ್ಸ್‌ನ ಅವರ ಮನೆಗೆ ಒಂದು ಭಾನುವಾರ ತಿಂಡಿಗೆ ಹೋಗಿ ನೋಡಿ. ದೋಸೆ ತಟ್ಟೆಗೆ ಬೀಳುವ ಮುನ್ನವೇ ಪ್ರಶ್ನೆ ಬೀಳುತ್ತದೆ: "ಇವತ್ತು ರಜಾ ಕೊಟ್ಟೋನು ಯಾರು?" ಉತ್ತರ ಹೇಳದವರಿಗೆ ಚಟ್ನಿ ಇಲ್ಲ. ಭಾನುವಾರ ಕೋರ್ಟು ಕಚೇರಿ ಮುಚ್ಚಿ ಎಂದು ಮೊದಲು ಆಜ್ಞೆ ಹೊರಡಿಸಿದವನು ಅವನೇ ಎಂಬುದನ್ನು ನಾನು ಹಾಗೆ ಕಲಿತದ್ದು.

ಮಾವ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಾಗಿದ್ದವರು. ಇವರಿಗೆ ಮದ್ದು ಯಾಕೆ ಬೇಕಿತ್ತು, ಮಾತೇ ಸಾಕಿತ್ತಲ್ಲ ಎಂದು ಅತ್ತೆ ಈಗಲೂ ಕೇಳುತ್ತಾರೆ. ಮೂವತ್ತು ವರ್ಷ ರೋಟಾ, ಅಂದರೆ ಆಸ್ಪತ್ರೆಯ ಸರದಿ ಡ್ಯೂಟಿ ಪಟ್ಟಿ, ಅವರ ಭಾನುವಾರಗಳನ್ನೆಲ್ಲ ನುಂಗಿ ಹಾಕಿತ್ತು. ಮಗನಿಗೆ, ಅಂದರೆ ನಮ್ಮ ಭಾವನಿಗೆ, ಕನ್ನಡ ಕಲಿಸುವುದು ಮುಂದಿನ ವಾರ, ಅದರ ಮುಂದಿನ ವಾರ ಎಂದು ಮುಂದೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ ಅವನು ಸಾಲ್ಫರ್ಡ್‌ನಲ್ಲಿ ಕೆಲಸಕ್ಕೇ ಸೇರಿಬಿಟ್ಟ. ಈಗ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ನಿವೃತ್ತರಾದ ಮೊದಲ ತಿಂಗಳೇ ಮಾವ ಹತ್ತಿರದ ಚರ್ಚ್ ಹಾಲ್ ಹಿಡಿದು ಮಕ್ಕಳಿಗೆ ಭಾನುವಾರದ ಕನ್ನಡ ಕ್ಲಾಸ್ ಶುರುಮಾಡಿದರು. ಎಂ.ಎಸ್ಸಿ. ಓದಲು ಬಂದಿದ್ದ ನನ್ನನ್ನು ಕಾಗುಣಿತಕ್ಕೆ ಹಚ್ಚಿದರು.

ಸಂಬಳದ ಬದಲು ಯಾರ್ಕ್ ಯಾತ್ರೆ! ಅಲ್ಲಿನ ದೊಡ್ಡ ಚರ್ಚಿನ ಪಕ್ಕದಲ್ಲಿ ಕಾನ್‌ಸ್ಟಂಟೈನನ ಕಂಚಿನ ವಿಗ್ರಹ ಕೂತಿದೆ. ಅವನ ಅಪ್ಪ ಸತ್ತ ಆ ಊರಲ್ಲೇ ಸೈನಿಕರು ಅವನನ್ನು ಚಕ್ರವರ್ತಿ ಎಂದು ಕೂಗಿದ್ದು. ಫೆಬ್ರವರಿಯ ಗಾಳಿ ಮೂಳೆ ಕೊರೆಯುತ್ತಿರುವಾಗ ಮಾವ ನನ್ನಿಂದ ಶೂ ಬಿಚ್ಚಿಸಿದರು. ಡಬ್ಬಿಯಲ್ಲಿ ತಂದಿದ್ದ ಸಕ್ಕರೆ ಪೊಂಗಲ್ ನೈವೇದ್ಯ ಮಾಡಿದರು. ತೆಂಗಿನಕಾಯಿಯನ್ನು ಅತ್ತೆ ಮೊದಲೇ ಬಚ್ಚಿಟ್ಟಿದ್ದರು, ಪುಣ್ಯ! ಇದು ಯಾವ ದೇವರು ಎಂದು ಒಬ್ಬ ಪ್ರವಾಸಿ ಕೇಳಿದ. ಭಾನುವಾರದ ದೇವರು ಎಂದು ಅವನ ಕೈಗೂ ಪ್ರಸಾದ ಹಾಕಿದರು.

ಅಷ್ಟು ಭಕ್ತಿಗೆ ಸಿಕ್ಕ ವರವೇನು ಗೊತ್ತೇ? ಚರ್ಚಿನಿಂದ ಒಂದು ಪತ್ರ. ಈಸ್ಟರ್ ನಂತರ ಭಾನುವಾರದ ಹಾಲ್ ಬೇರೆಯವರಿಗೆ, ಕ್ಷಮಿಸಿ. ಬೇರೆಯವರೆಂದರೆ ಇಂಗ್ಲಿಷ್ ಹೆಂಗಸೊಬ್ಬರ ಯೋಗ ಕ್ಲಾಸ್! ನಮ್ಮ ಯೋಗವೇ ನಮ್ಮ ಕನ್ನಡವನ್ನು ಹೊರದಬ್ಬಿತ್ತು. ಮಾವ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. "ಈ ಮಕ್ಕಳೂ ಕೈತಪ್ಪಿ ಹೋಗ್ತಾರೆ ಕಣೋ," ಎಂದರು. 'ಮಕ್ಕಳೂ' ಎಂಬುದರ ಆ 'ಊ' ಯಾರ ನೆನಪಿನದೆಂದು ನನಗೆ ಗೊತ್ತಿತ್ತು.

ಮೂರನೆಯ ದಿನ ಕೋಟು ತೊಟ್ಟು ಚರ್ಚ್ ಸಮಿತಿಯ ಮುಂದೆ ನಿಂತರು. ಬೇಡಿಕೊಳ್ಳುತ್ತಾರೆಂದು ನಾನು ತಿಳಿದರೆ, ಪಾಠ ಶುರು! ಚಕ್ರವರ್ತಿಗೆ ಆಕಾಶದಲ್ಲಿ ಶಿಲುಬೆ ಕಂಡದ್ದು, ಯುದ್ಧ ಗೆದ್ದದ್ದು, ಯಾರು ಯಾವ ದೇವರನ್ನಾದರೂ ಪೂಜಿಸಲಿ ಎಂದು ಸಾರಿದ್ದು, ಒಂದೂ ಬಿಡಲಿಲ್ಲ. ಪಾದ್ರಿಗಳು ಆಕಳಿಸಿದರು. ಅರಿವಳಿಕೆ ಏರುತ್ತಿದೆ ಎಂದು ನಾನು ಹೆದರಿದೆ. ಆಗ ಮಾವ ದನಿ ತಗ್ಗಿಸಿದರು. "ನಿಮ್ಮವರಿಂದ ಕಿತ್ತುಕೊಂಡಿದ್ದ ಪ್ರಾರ್ಥನೆಯ ಜಾಗಗಳನ್ನ ಅವನು ವಾಪಸ್ ಕೊಡಿಸಿದ. ಅವತ್ತು ನೀವು ಕೆಲವೇ ಜನ ಇದ್ರಿ. ಇವತ್ತು ನಾವು ಹನ್ನೆರಡು ಮಕ್ಕಳು."

ಸಮಿತಿಯ ಕಾರ್ಯದರ್ಶಿ ಅಜ್ಜಿ ಕನ್ನಡಕ ಏರಿಸಿ, ನಿಮ್ಮ ಚಕ್ರವರ್ತಿ ಕ್ರೈಸ್ತನಾಗಲು ಜ್ಞಾನಸ್ನಾನ ಮಾಡಿಸಿಕೊಂಡದ್ದು ಸಾಯುವ ಹೊತ್ತಿನಲ್ಲಲ್ಲವೇ ಎಂದು ಕೆಣಕಿದರು. ಮುಗಿಯಿತು ಕಥೆ ಅಂದುಕೊಂಡೆ. ತಡವಾದರೇನಂತೆ, ಬಂದನಲ್ಲ ಎಂದರು ಮಾವ. ಪಾದ್ರಿಗಳು ಮೇಜು ತಟ್ಟಿ ನಕ್ಕರು. ಅವರ ಭಕ್ತರಲ್ಲಿ ಅರ್ಧ ಜನ ಹಾಗೆ ಬರುವವರೇ ಅಂತೆ! ಯೋಗ ಮಂಗಳವಾರಕ್ಕೆ ಹೋಯಿತು. ಭಾನುವಾರ ನಮಗೇ ಉಳಿಯಿತು. ಹೊರಗೆ ಬಂದ ಮಾವ ಕಾರ್ ಪಾರ್ಕಿನಲ್ಲಿ ಪಟ್ಟಾಭಿಷೇಕವಾದವರ ಹಾಗೆ ನಡೆದರು.

ಗೆದ್ದ ಕಥೆಯನ್ನೆಲ್ಲ ಭಾವನಿಗೆ ವಾಟ್ಸಾಪ್ ಮಾಡಿದೆ. ಉತ್ತರವಾಗಿ ಬಂದದ್ದು ಒಂದು ಹೆಬ್ಬೆರಳು, ಅಷ್ಟೇ.

ಮುಂದಿನ ಭಾನುವಾರ ಮಾವ ಬೋರ್ಡಿನ ಮೇಲೆ ಸ್ವರಗಳನ್ನು ಬರೆಯುತ್ತಿದ್ದಾಗ ಬಾಗಿಲು ತೆರೆಯಿತು. ಆರಡಿಯ ಭಾವ ಒಳಗೆ ಬಂದು, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತ. ಮಕ್ಕಳು ಕಿಸಕ್ಕನೆ ನಕ್ಕರು. ಅವನು ಪದಗಳನ್ನು ಒಂದೊಂದಾಗಿ ಹುಡುಕಿ ಕೇಳಿದ: "ಅಪ್ಪ, ನಾನು... ನಾನೂ ಕಲೀಬಹುದಾ?"

ಮಾವ ತಿರುಗಲಿಲ್ಲ. ಅವರ ಕೈ ಅ ಅಕ್ಷರದ ನಡುವೆ ನಿಂತುಬಿಟ್ಟಿತ್ತು. ನನ್ನ ಕಣ್ಣೂ ಮಂಜಾಯಿತು, ಸುಳ್ಳೇಕೆ ಹೇಳಲಿ.

"ತಡವಾದ್ರೇನಂತೆ," ಎಂದರು ಬೋರ್ಡಿಗೇ. "ಬಂದ್ಯಲ್ಲ."

ಅವತ್ತು ರಜಾ ಕೊಟ್ಟೋನು ಯಾರು ಎಂದು ಮಾವ ಯಾರನ್ನೂ ಕೇಳಲಿಲ್ಲ.