ಅಳಿಸಿದವರ ಹೆಸರು

ಪ್ರಿಂಟರಿನ ಕಳಚಿಬಿದ್ದ ವೈರನ್ನು ಸಿಕ್ಕಿಸಿದ್ದೇ ಅವನು ಮಾಡಿದ ತಪ್ಪು. ಅಂದಿನಿಂದ ಸೇತುವೆ ಯೋಜನೆಯ ಕಚೇರಿಯಲ್ಲಿ ಆ ಹಂಗಾಮಿ ಗುಮಾಸ್ತನಿಗೆ ವೈರಪ್ಪ ಎಂಬ ಹೆಸರು ಬಿತ್ತು. ಯೋಜನೆಯ ವೆಬ್‌ಸೈಟ್ ಕೆಲಸವೂ ಅವನ ಕುತ್ತಿಗೆಗೇ ಬಿತ್ತು. "ಇವತ್ತು ಹನ್ನೊಂದಕ್ಕೆ ಸೈಟು ಜನಕ್ಕೆ ಕಾಣ್ಬೇಕು. ಕಂಡ್ರೆ ಸಂಜೆ ನಿಮ್ಮ ಕಾಯಂ ಆದೇಶಕ್ಕೆ ಸಹಿ," ಎಂದಿದ್ದರು ದೊಡ್ಡ ಸಾಹೇಬರು.

ಸೈಟಿಗೆ ಎರಡು ಬ್ರ್ಯಾಂಚ್‌ಗಳಿದ್ದವು, ಅಂದರೆ ಎರಡು ಬೇರೆ ಬೇರೆ ಪ್ರತಿಗಳು. ಯಾವುದನ್ನು ಆರಿಸಿ ಒತ್ತಿದರೆ ಅದು ಲೋಕಕ್ಕೆ ಕಾಣುತ್ತದೆ. 'ಮುಖ್ಯ' ಎಂಬುದರಲ್ಲಿ ಸಾಹೇಬರು ನಗುವ ಏಳು ಫೋಟೊಗಳಿದ್ದವು. 'ಕರಡು' ಎಂಬುದರಲ್ಲಿ ವೈರಪ್ಪ ಹೊಟ್ಟೆಯುರಿ ತಾಳಲಾರದೆ ಬರೆದಿಟ್ಟಿದ್ದ ಒಂದೇ ಪುಟ: "ವರ್ಷ ಒಂಬತ್ತು. ಶಂಕುಸ್ಥಾಪನೆ ನಾಲ್ಕು. ಕಂಬ ಮೂರು. ಅದರಲ್ಲಿ ಎರಡು ನೆಟ್ಟಗಿವೆ."

ಹನ್ನೊಂದಾಗುತ್ತಿದ್ದಂತೆ ಹೆಡ್ ಕ್ಲರ್ಕ್ ಬಂದು ಮೂಗು ತೂರಿಸಿದರು. ಕನ್ನಡಕ ಅವರ ಮೇಜಿನ ಮೇಲೇ ಉಳಿದಿತ್ತು. "ಏನಯ್ಯಾ, ಇನ್ನೂ ನೋಡ್ತಾ ಕೂತಿದೀಯಾ? ಇದೊಂದು ಒತ್ತೋದು ತಾನೇ?" ಎಂದು ಮೌಸಿಗೆ ಕೈಹಾಕಿ ಒತ್ತಿಯೇಬಿಟ್ಟರು.

"ಬೇಡ ಸಾರ್! ಅದು ಕರಡು!"

"ಕರಡಾದ್ರೇನು, ಬಂತಲ್ಲ!"

ವೈರಪ್ಪ ಮೌಸನ್ನು ಕಸಿದುಕೊಂಡ. ತಕ್ಷಣ 'ಮುಖ್ಯ'ವನ್ನು ಆರಿಸಿ ಒತ್ತಿದ. ಬದಲಾವಣೆ ಕಾಣಲು ಹತ್ತು ನಿಮಿಷ ಬೇಕೆಂದಿತು ಪರದೆ. ಅಷ್ಟರಲ್ಲಿ ಒಳಗಿನಿಂದ ಸಾಹೇಬರ ದನಿ: "ಸೈಟು ಬಂತೇನ್ರೀ? ನಾನೂ ನೋಡ್ತೀನಿ."

ಅವನು ಓಡಿಹೋಗಿ ಸಾಹೇಬರ ಮೇಜಿನ ಕೆಳಗೆ ನುಗ್ಗಿ ನೆಟ್ ವೈರ್ ಕಿತ್ತ. "ಲೂಸಾಗಿದೆ ಸಾರ್!" ಎನ್ನುತ್ತ ಬೋನಿಗೆ ಬಿದ್ದ ಇಲಿಯಂತೆ ಸಾಹೇಬರ ಬೂಟುಗಳ ನಡುವೆ ಹತ್ತು ನಿಮಿಷ ಕುಳಿತ. ಹೆಡ್ ಕ್ಲರ್ಕ್ ಬಗ್ಗಿ ಬಗ್ಗಿ ಸಲಹೆ ಕೊಟ್ಟರು. "ಊದಿ ನೋಡಯ್ಯಾ. ಎಡಕ್ಕೆ ತಿರುಗ್ಸು."

ಹೊರಬಂದಾಗ ಸೈಟಿನಲ್ಲಿ ಸಾಹೇಬರು ಏಳು ಕಡೆ ನಗುತ್ತಿದ್ದರು. ವೈರಪ್ಪ ತನ್ನ ಜಾಗಕ್ಕೆ ಬಂದು 'ಕರಡು' ಬ್ರ್ಯಾಂಚನ್ನು ಹುಟ್ಟಡಗುವಂತೆ ಅಳಿಸಿಹಾಕಿ, ಒಂದು ಲೋಟ ನೀರು ಕುಡಿದ.

ಅರ್ಧ ಗಂಟೆಗೆಲ್ಲ ಸಾಹೇಬರು ಇಬ್ಬರನ್ನೂ ಕರೆಸಿದರು. "ಮಂತ್ರಿಗಳು ಫೋನ್ ಮಾಡಿದ್ರು. ಸರಿಯಾಗಿ ಹನ್ನೊಂದಕ್ಕೇ ಸೈಟ್ ನೋಡಿದ್ರಂತೆ. ಎರಡು ಕಂಬ ನೆಟ್ಟಗಿವೆ ಅಂತ ಬರೆದೋರು ಯಾರು?"

"ನಾನಲ್ಲ ಸಾರ್! ನನ್ನಾಣೆ, ಆ ಪುಟ ನೋಡೇ ಇಲ್ಲ!" ಎಂದ ವೈರಪ್ಪ.

"ಸುಳ್ಳು ಹೇಳದ ಸೈಟು ಅಂದ್ರೆ ಇದೊಂದೇ ಅಂದ್ರು. ಬರೆದೋರಿಗೆ ಬಡ್ತಿ ಕೊಡ್ಬೇಕಂತೆ."

ವೈರಪ್ಪ ಬಾಯಿ ತೆರೆಯುವಷ್ಟರಲ್ಲಿ ಹೆಡ್ ಕ್ಲರ್ಕ್ ತೆರೆದಾಗಿತ್ತು. "ಅದು ನನ್ನದೇ ಸಾರ್. ನಾನೇ ಒತ್ತಿದ್ದು. ಇವನು ಬೇಡ ಬೇಡ ಅಂತ ಅರಚ್ಕೊಂಡ."

"ಅಯ್ಯೋ, ಬರೆದದ್ದು ನಾನು ಸಾರ್!"

"ಈಗ ತಾನೇ ಆಣೆ ಇಟ್ರಿ! ಇರಲಿ, ಸೈಟಲ್ಲಿ ಯಾರು ಏನು ಮಾಡಿದ್ರೂ ಹೆಸರು ದಾಖಲಾಗುತ್ತೆ ಅಂತ ಅವತ್ತು ನೀವೇ ಹೇಳಿದ್ರಲ್ಲ, ತೆಗೀರಿ."

ದಾಖಲೆ ತೆರೆಯಿತು. ಬರೆದವರ ಹೆಸರು ಬ್ರ್ಯಾಂಚಿನ ಜೊತೆಗೇ ಹೋಗಿತ್ತು. ಉಳಿದ ಒಂದು ಸಾಲನ್ನು ಹೆಡ್ ಕ್ಲರ್ಕ್ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ಕರಡು ಅಳಿಸಲಾಗಿದೆ. ಅಳಿಸಿದವರು... ಅಯ್ಯೋ, ನಿನ್ನ ಹೆಸರೇ ಇದೆಯಲ್ಲಯ್ಯಾ!"

ಸಾಹೇಬರು ಕಾಯಂ ಆದೇಶವನ್ನು ಡ್ರಾಯರಿಗೆ ತಳ್ಳಿದರು. "ಸಂಜೆಯೊಳಗೆ ಆ ಪುಟ ಮತ್ತೆ ಬರ್ಬೇಕು. ಹೆಡ್ ಕ್ಲರ್ಕ್ ಹೇಳ್ತಾರೆ, ನೀವು ಟೈಪ್ ಮಾಡಿ."

ಇಬ್ಬರೂ ಬಂದು ಕಂಪ್ಯೂಟರಿನ ಮುಂದೆ ಕುಳಿತರು. ಹೆಡ್ ಕ್ಲರ್ಕ್ ಅತ್ತಿತ್ತ ನೋಡಿ, ವೈರಪ್ಪನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು: "ನಾನು ಏನಂತ ಬರೆದಿದ್ದೆನಯ್ಯಾ?"