ಬಸ್ಸು ತಿರುಗುವ ಜಾಗ

ದುಗ್ಗು ತನ್ನ ಅಮ್ಮನ ಮನೆಗೆ ಹಂಚಿನ ಮಾಡು ಅಂಟಿಸಿ, ಗೋಂದು ಹಿಡಿಯಲೆಂದು ಉಸಿರು ಬಿಗಿಹಿಡಿದು ಕೂತಿದ್ದಾಗ, ಅಬ್ಬಾಸಾಕ ಬಂದು ಆ ಮನೆಯನ್ನು ಎರಡೇ ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟರು.

"ಇದು ಇಲ್ಲಿ ಅಲ್ಲ ಮಾರಾಯ. ಇಲ್ಲಿ ನನ್ನ ಬಾಪನ ಒಣಮೀನಿನ ಅಂಗಡಿ."

"ಆಯ್ತು ಅಬ್ಬಾಸಾಕ," ಎಂದ ದುಗ್ಗು.

ದೋಹಾದ ಅಲ್ ಅಜೀಜಿಯಾ ಬಡಾವಣೆಯ ಆ ವಿಲ್ಲಾವನ್ನು ಯಾರೋ ಒಂದು ಸಂಸಾರಕ್ಕೆಂದು ಕಟ್ಟಿಸಿದ್ದು. ಈಗ ಅದರೊಳಗೆ ಹನ್ನೊಂದು ಗಂಡಸರು ಪ್ಲೈವುಡ್ ಗೋಡೆಗಳ ನಡುವೆ, ಡಬ್ಬಿಯೊಳಗಿನ ಬಿಸ್ಕತ್ತಿನಂತೆ ಒತ್ತಾಗಿ ಬದುಕುತ್ತಿದ್ದರು. ಎಲ್ಲರಿಗೂ ಸೇರಿದ ಹಾಲ್‌ನ ನೆಲದ ಮೇಲೆ ಆರಡಿ ಉದ್ದ ಮೂರಡಿ ಅಗಲದ ಹಲಗೆ. ಹಲಗೆಯ ಮೇಲೆ ಥರ್ಮಾಕೋಲಿನ ಕುಂಟಲಪಾದೆ ಪೇಟೆ. ಶುಕ್ರವಾರ, ರಜೆಯ ದಿನ, ಬೆಳಿಗ್ಗೆ ಹತ್ತು ಗಂಟೆ. ಸಂಜೆ ಏಳಕ್ಕೆ ದೋಹಾದ ಕುಂಟಲಪಾದೆ ಮಿತ್ರಕೂಟದ ವಾರ್ಷಿಕೋತ್ಸವ. ಅಲ್ಲಿ 'ನಮ್ಮ ಪೇಟೆ ಬೆಳೆದು ಬಂದ ಬಗೆ' ಎಂಬ ಬೋರ್ಡಿನ ಕೆಳಗೆ ಈ ಹಲಗೆಯನ್ನು ಇಡಬೇಕಾಗಿತ್ತು.

ಇಂಡಸ್ಟ್ರಿಯಲ್ ಏರಿಯಾದ ಒಂದು ಶೆಡ್ಡಿನಲ್ಲಿ ದುಗ್ಗು ಅಂಗಡಿಗಳ ನಾಮಫಲಕಕ್ಕೆ ಅಕ್ಷರ ಕತ್ತರಿಸುತ್ತಾನೆ. ಕತ್ತರಿಸುವ ಕೈ ಇದೆ ಎಂಬ ಕಾರಣಕ್ಕೆ ಕೂಟದ ಕಾರ್ಯದರ್ಶಿ ಕಾಸ್ಮಿರ್ ಈ ಕೆಲಸವನ್ನು ಅವನಿಗೆ ಒಪ್ಪಿಸಿದ್ದ. ದುಗ್ಗು ಆಯ್ತು ಎಂದಿದ್ದ. ದೋಹಾಕ್ಕೆ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಅವನ ಬಾಯಿಂದ ಬೇರೆ ಉತ್ತರ ಕೇಳಿದವರಿಲ್ಲ. ಕಿಟಕಿ ಪಕ್ಕದ ಮಂಚ ಬೇಕೆಂದು ಹೊಸಬನೊಬ್ಬ ಕೇಳಿದಾಗ ಆಯ್ತು ಎಂದಿದ್ದರಿಂದಲೇ ಅವನೀಗ ಮೆಟ್ಟಿಲ ಕೆಳಗೆ, ಕಾಲು ಚಾಚಿದರೆ ನೀರಿನ ಪಂಪಿಗೆ ತಾಗುವಂತೆ ಮಲಗುತ್ತಿದ್ದ.

ಆದರೆ ಈ ಸಲದ ಆಯ್ತು ಮನಸ್ಸಿನಿಂದ ಬಂದದ್ದಾಗಿತ್ತು. ಹಲಗೆಯ ಮೇಲೆ ಅಮ್ಮನ ಮನೆ ನಿಲ್ಲುತ್ತದೆ. ಮೂವತ್ತೊಂದು ಸದಸ್ಯರು, ಅವರ ಹೆಂಡಿರು ಮಕ್ಕಳು ಸುತ್ತ ನಿಂತು ನೋಡುತ್ತಾರೆ. ಯಾರಾದರೂ ಒಬ್ಬರು, ಒಬ್ಬರೇ ಸಾಕು, "ಓ, ಇದು ಅಪ್ಪಿಯಕ್ಕನ ಮನೆಯಲ್ವಾ" ಎನ್ನುತ್ತಾರೆ. ಇನ್ನೆರಡು ವರ್ಷ ದುಡಿದು ವಾಪಸು ಹೋಗಿ ಆ ಮನೆಯ ಬೀಗ ತೆಗೆದು ಅಲ್ಲೇ ಇದ್ದುಬಿಡುವುದೆಂದು ಅವನು ಲೆಕ್ಕ ಹಾಕಿದ್ದ. ಅಲ್ಲಿಯವರೆಗೆ ಇಷ್ಟು ಸಾಕಿತ್ತು.

ಅಷ್ಟಕ್ಕೂ ಕುಂಟಲಪಾದೆ ಪೇಟೆಯಾದದ್ದು ಆ ಮನೆಯಿಂದ. ಅದಕ್ಕೆ ಮೊದಲು ಅಲ್ಲಿದ್ದದ್ದು ಒಂದು ಕರಿ ಬಂಡೆ, ಒಂದು ನೇರಳೆ ಮರ, ಅಪ್ಪಿಯಕ್ಕನ ಮನೆ. ದುಗ್ಗುವಿಗೆ ಏಳು ವರ್ಷವಾಗಿದ್ದಾಗ ಮಂಗಳೂರಿನಿಂದ ಬಸ್ಸು ಬಿಟ್ಟರು. ರಸ್ತೆ ಮುಗಿಯುತ್ತಿದ್ದದ್ದು ಅವರ ಅಂಗಳದ ಮುಂದೆ. ಬಸ್ಸು ತಿರುಗಿಸಲು ಬೇರೆಲ್ಲೂ ಸಮತಟ್ಟು ಜಾಗವಿರಲಿಲ್ಲ. ಡ್ರೈವರ್ ಬಂದು ಅಂಗಳದಲ್ಲಿ ತಿರುಗಿಸಲೇ ಎಂದು ಕೇಳಿದ. ಅಪ್ಪಿಯಕ್ಕ ಆಯ್ತು ಎಂದಳು, ನೀರು ಬೆಲ್ಲವನ್ನೂ ಕೊಟ್ಟಳು. ಬಸ್ಸಿಗೆ ಕಾಯುವವರು ಅವಳ ಜಗಲಿಯಲ್ಲಿ ಕೂತರು. ಕೂತವರಿಗೆ ಚಾ ಬೇಕೆನಿಸಿತು, ಒಬ್ಬ ಚಾದಂಗಡಿ ಇಟ್ಟ. ಚಾ ಕುಡಿದವರಿಗೆ ಬೀಡಿ ಬೇಕೆನಿಸಿತು, ಇನ್ನೊಬ್ಬ ಗೂಡಂಗಡಿ ಇಟ್ಟ. ಹಾಗೆ ಬಸ್ಸಿಗೆ ಕಾದವರೇ ಸೇರಿ ಒಂದು ಪೇಟೆಯಾದರು.

ಇದನ್ನು ಹೇಳೋಣವೆಂದು ದುಗ್ಗು ಬಾಯಿ ತೆರೆಯುವಷ್ಟರಲ್ಲಿ ಅಬ್ಬಾಸಾಕ ಮೂರು ಮರ ಕಿತ್ತು, ಒಂದು ಬಾವಿ ತೋಡಿ, ಜುಮ್ಮಾ ನಮಾಜಿಗೆ ಹೊತ್ತಾಯಿತೆಂದು ಹೊರಟುಹೋದರು. ಅವರು ಕೂಟದ ಅಧ್ಯಕ್ಷರು. ಊರು ಬಿಟ್ಟದ್ದು ಎಪ್ಪತ್ತೊಂಬತ್ತರಲ್ಲಿ. ಆಮೇಲೆ ರಜೆಗೆ ಹೋದಾಗಲೂ ಅವರು ಮದುವೆಯಿಂದ ಮದುವೆಗೆ ಕಾರಿನಲ್ಲೇ ಓಡಾಡಿದ್ದರಿಂದ, ಅವರ ಕುಂಟಲಪಾದೆ ಎಪ್ಪತ್ತೊಂಬತ್ತರಲ್ಲೇ ನಿಂತಿತ್ತು.

ಹನ್ನೆರಡಕ್ಕೆ ಪೂಜೆ ಮುಗಿಸಿ ಚರ್ಚಿನಿಂದ ನೇರ ಬಂದ ಕಾಸ್ಮಿರನದು ತೊಂಬತ್ತೈದರ ಕುಂಟಲಪಾದೆ. ಅವನು ಇಸ್ತ್ರಿ ಮಾಡಿದ ಪ್ಯಾಂಟು ಎತ್ತಿಕೊಂಡು ಹಲಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಎಸ್‌ಟಿಡಿ ಬೂತ್ ಎಲ್ಲಿ, ಸೊಸೈಟಿ ಬ್ಯಾಂಕ್ ಎಲ್ಲಿ ಎಂದು ಕೇಳಿದ. ಕೊನೆಗೆ ತನ್ನ ಅಣ್ಣನ ಬೇಕರಿಯನ್ನು ಜೇಬಿನಿಂದ ತೆಗೆದ. ಅದನ್ನು ಮನೆಯಲ್ಲೇ ಲಬನ್ ಮಜ್ಜಿಗೆಯ ಡಬ್ಬಿ ಕತ್ತರಿಸಿ ಮಾಡಿಕೊಂಡು ಬಂದಿದ್ದ. ಬೇಕರಿ ಇರಬೇಕಾದದ್ದು ಒಣಮೀನಿನ ಅಂಗಡಿಯ ಪಕ್ಕದಲ್ಲೇ ಆಗಿತ್ತು.

ನಮಾಜು ಮುಗಿಸಿ ಬಂದ ಅಬ್ಬಾಸಾಕ ಇದನ್ನು ಕಂಡು ಹುಬ್ಬೇರಿಸಿದರು. ಕಾಸ್ಮಿರ್ ತನ್ನ ನಿಲುವು ಹೇಳಿದ. ಒಣಮೀನು ಒತ್ತಿಗೇ ಇದ್ದರೆ ಕೇಕಿಗೆ ವಾಸನೆ ಹಿಡಿಯುತ್ತದೆ, ಊರಲ್ಲಿ ಅಣ್ಣ ಇದೇ ವಿಷಯಕ್ಕೆ ಮೂರು ಸಲ ಪಂಚಾಯತಿಗೆ ಅರ್ಜಿ ಕೊಟ್ಟಿದ್ದ.

"ಥರ್ಮಾಕೋಲಿಗೆ ಎಂಥ ವಾಸನೆ ಕಾಸ್ಮಿರ್?"

"ವಾಸನೆಯ ಪ್ರಶ್ನೆ ಅಲ್ಲ ಅಬ್ಬಾಸಾಕ. ಮರ್ಯಾದೆಯ ಪ್ರಶ್ನೆ."

ಅರ್ಧ ಗಂಟೆ ವಾದವಾಯಿತು. ತಾತ್ಕಾಲಿಕವಾಗಿ ದುಗ್ಗುವಿನ ಅಮ್ಮನ ಮನೆಯನ್ನು ಎರಡರ ನಡುವೆ ತಡೆಗೋಡೆಯಾಗಿ ನಿಲ್ಲಿಸಿದರು. ಅದು ವಾಸನೆಯನ್ನು ತಡೆಯಿತೋ ಏನೋ, ಬೇಕರಿಯ ಬಾಗಿಲನ್ನಂತೂ ತಡೆಯಿತು. ಕೊನೆಗೆ ಅಬ್ಬಾಸಾಕ ದೊಡ್ಡ ಮನಸ್ಸು ಮಾಡಿ ಒಣಮೀನನ್ನು ಹಲಗೆಯ ಅಂಚಿನ ಹುಣಸೆ ಮರದಾಚೆಗೆ ಸಾಗಿಸಿದರು. ಖಲಾಸ್, ಇನ್ನು ಯಾರೂ ನನ್ನ ಅಂಗಡಿ ಮುಟ್ಟಬಾರದು ಎಂದರು.

ದುಗ್ಗು ನೋಡಿದ. ಬೆಳಿಗ್ಗೆ ಅಮ್ಮನ ಮನೆ ಇದ್ದ ಜಾಗ ಖಾಲಿಯಾಗಿತ್ತು. ರಸ್ತೆ ಮುಗಿಯುವಲ್ಲಿ, ನೇರಳೆ ಮರದ ಎದುರು, ಸರಿಯಾಗಿ ಅದೇ ಜಾಗ. ಅವನು ಮನೆಯನ್ನು ಅಂಗೈಯಲ್ಲಿಟ್ಟುಕೊಂಡು, ಮಲಗಿದ ಮಗುವನ್ನು ಮಂಚಕ್ಕೆ ಒಯ್ಯುವವನಂತೆ ಮೊಣಕಾಲಲ್ಲಿ ಸರಿದ. ಇನ್ನೇನು ಗೇಣು ದೂರವಿದೆ ಎನ್ನುವಾಗ ಅಲ್ಲಿ ನೀಲಿ ರಟ್ಟಿನ ಕಟ್ಟಡವೊಂದು ಧಡಕ್ಕೆಂದು ಬಂದು ಕೂತಿತು.

"ಬಸ್‌ಸ್ಟ್ಯಾಂಡ್," ಎಂದ ಅಕ್ಷಿತ್.

ಅಕ್ಷಿತ್ ಇಂಜಿನಿಯರು, ಕತಾರಿಗೆ ಬಂದು ನಾಲ್ಕು ತಿಂಗಳು. ಅವನ ಕುಂಟಲಪಾದೆ ಇನ್ನೂ ಬಿಸಿಯಾಗಿತ್ತು. ಕಬಾಬಿನ ಕಡ್ಡಿ ಜೋಡಿಸಿ ಮಾಡಿದ ಮೊಬೈಲ್ ಟವರು, ಎಟಿಎಂ, ಶೂ ಡಬ್ಬಿಯ ಮೂರು ಮಹಡಿ ಕಾಂಪ್ಲೆಕ್ಸು, ಎಲ್ಲವನ್ನೂ ಚೀಲದಲ್ಲಿ ತಂದಿದ್ದ. ನೀವು ಮಾಡಿದ್ದು ಪೇಟೆಯಲ್ಲ, ಮ್ಯೂಸಿಯಂ ಎಂದು ಹಿರಿಯರಿಬ್ಬರಿಗೂ ಹೇಳಿದ. ಬಸ್‌ಸ್ಟ್ಯಾಂಡ್ ಇನ್ನೂ ಆಗಿಲ್ಲ, ಆದರೆ ಪ್ಲ್ಯಾನ್ ಉಂಟು. ಸಂಜೆಯ ಮುಖ್ಯ ಅತಿಥಿ ಬೇರೆ ಯಾರೂ ಅಲ್ಲ, ಕುಂಟಲಪಾದೆ ಪಂಚಾಯತಿನ ಅಧ್ಯಕ್ಷೆ ಶರ್ಮಿಳಾ ಮೇಡಂ. ಇಲ್ಲೇ ದೋಹಾದ ಅಲ್ ಹಿಲಾಲ್‌ನಲ್ಲಿರುವ ತಂಗಿಯ ಬಾಣಂತನಕ್ಕೆಂದು ಬಂದವರನ್ನು ಕೂಟದವರು ಬಿಡದೆ ಒಪ್ಪಿಸಿದ್ದರು. ಬಸ್‌ಸ್ಟ್ಯಾಂಡ್ ಅವರ ಕನಸು. ಹಲಗೆಯ ಮೇಲೆ ಕಂಡರೆ ಖುಷಿಪಡುತ್ತಾರೆ.

ದುಗ್ಗು ಆ ದಿನ ಮೊದಲ ಸಲ ಒಂದು ಇಡೀ ವಾಕ್ಯ ಆಡಿದ. "ಬಸ್ಸು ತಿರುಗ್ತಾ ಇದ್ದದ್ದು ನಮ್ಮ ಅಂಗಳದಲ್ಲಿ."

"ಈಗ ಅದೇ ಪ್ರಾಬ್ಲಂ ಅಲ್ವಾ ದುಗ್ಗಣ್ಣ? ದಿನಕ್ಕೆ ನಲವತ್ತು ಬಸ್ಸು. ತಿರುಗ್ಲಿಕ್ಕೆ ಜಾಗ ಇಲ್ಲ. ಎಲ್ಲಿ ಮಾಡುದು ಅಂತ ಮೂರು ವರ್ಷದಿಂದ ಜಗಳ. ಸದ್ಯ ಇಲ್ಲಿ ಖಾಲಿ ಉಂಟು, ಇಲ್ಲೇ ಇರ್ಲಿ."

"ಆಯ್ತು," ಎಂದ ದುಗ್ಗು.

ಮೂರು ಕಾಲದ ಮೂರು ಪೇಟೆ ಒಂದು ಹಲಗೆಗೆ ಹಿಡಿಸಲಿಲ್ಲ. ಒಂದಡಿ ಅಗಲದ ಪಟ್ಟಿಯೊಂದನ್ನು ಜೋಡಿಸಿ ಊರನ್ನು ವಿಸ್ತರಿಸಿದರು. ಶಾಲೆ, ಸ್ಮಶಾನ, ಅಪ್ಪಿಯಕ್ಕನ ಮನೆ, ಹೀಗೆ ತಕರಾರಿಲ್ಲದವುಗಳೆಲ್ಲ ಅತ್ತ ಹೋದವು. ಶಾಲೆಗೆ ಅಕ್ಷಿತ್ ಆಮೇಲೆ ಒಳಗೆ ಜಾಗ ಮಾಡಿಕೊಟ್ಟ. ಸ್ಮಶಾನ ತೋರಿಸಬಾರದೆಂದು ಕಾಸ್ಮಿರ್ ತೆಗೆಸಿದ. ಅಂಚಿನಲ್ಲಿ ಮನೆಯೊಂದೇ ಉಳಿಯಿತು.

ಮಧ್ಯಾಹ್ನದ ನಂತರ ಎಲ್ಲರೂ ಅವರವರ ಕೋಣೆಗೆ ಹೋದರು. ಶುಕ್ರವಾರ ಊರಿಗೆ ಫೋನು ಮಾಡುವ ಹೊತ್ತು. ಒಂದೊಂದು ಪ್ಲೈವುಡ್ ಗೋಡೆಯ ಹಿಂದಿನಿಂದಲೂ ಒಂದೊಂದು ಸಂಸಾರದ ಮಾತು ಕೇಳುತ್ತಿತ್ತು. ಜ್ವರ ಬಿಟ್ಟಿತಾ, ಫೀಸು ಕಟ್ಟಿದ್ರಾ, ಮಳೆ ಬಂತಾ. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಆಮೇಲೆ ದುಗ್ಗು ಊರಿಗೆ ಹೋಗಿರಲಿಲ್ಲ. ಕುಂಟಲಪಾದೆಯಲ್ಲಿ ಫೋನು ಮಾಡಿ ಮಾತಾಡಬಹುದಾದ ಒಂದು ನಂಬರೂ ಅವನ ಬಳಿ ಉಳಿದಿರಲಿಲ್ಲ. ಅವನು ಪಾತ್ರೆ ತೊಳೆಯುವ ಸ್ಪಂಜಿನಿಂದ ಮರ ಕತ್ತರಿಸುತ್ತ, ಅಮ್ಮನ ಮನೆಯ ಪಕ್ಕ ಅವಳ ತೊಂಡೆ ಚಪ್ಪರಕ್ಕೆ ನಾಲ್ಕು ಬೆಂಕಿಕಡ್ಡಿ ನೆಟ್ಟ.

ಐದಕ್ಕೆ ಕಂಪನಿಯ ಪಿಕಪ್ ಬಂತು. ನಾಲ್ವರು ನಾಲ್ಕು ಮೂಲೆ ಹಿಡಿದು, ದೇವರನ್ನು ಹೊತ್ತಂತೆ ನಿಧಾನ ನಡೆದು ಬಾಗಿಲಿಗೆ ಬಂದಾಗ ಪೇಟೆ ಅಲ್ಲೇ ನಿಂತಿತು. ಬೆಳೆದ ಪೇಟೆ ಬಾಗಿಲಿಗಿಂತ ನಾಲ್ಕು ಬೆರಳು ಅಗಲವಾಗಿತ್ತು. ಓರೆ ಮಾಡಿದರೆ ಹಸಿ ಗೋಂದಿನ ಮೇಲೆ ಕಾಂಪ್ಲೆಕ್ಸು ಜಾರಿ ಎಟಿಎಂ ಮೇಲೆ ಬೀಳುತ್ತಿತ್ತು. ಬಾಗಿಲ ದಾರಂದ ಕೀಳೋಣವೆಂದು ಅಕ್ಷಿತ್ ಹೇಳಿದ. ಮನೆ ಮಾಲೀಕನ ಮುಖ ನೆನಪಾಗಿ ಎಲ್ಲರೂ ಅದನ್ನು ಕೈಬಿಟ್ಟರು. ನಾಲ್ಕು ಬೆರಳು ಕತ್ತರಿಸಬೇಕು. ಯಾವ ಕಡೆಯಿಂದ? ಒಂದು ಅಂಚಿನಲ್ಲಿ ಒಣಮೀನು, ಇನ್ನೊಂದರಲ್ಲಿ ಅಪ್ಪಿಯಕ್ಕನ ಮನೆ. ಅಬ್ಬಾಸಾಕ ಆಕಾಶ ನೋಡಿದರು. ಕಾಸ್ಮಿರ್ ಗಡಿಯಾರ ನೋಡಿದ. ಗರಗಸ ಇದ್ದದ್ದು ದುಗ್ಗುವಿನ ಕೈಯಲ್ಲಿ.

"ಒಂದು ಮನೆ ಅಲ್ವಾ ದುಗ್ಗು," ಎಂದರು ಅಬ್ಬಾಸಾಕ. "ಯಲ್ಲಾ, ಹೊತ್ತಾಯ್ತು."

ದುಗ್ಗು ಮನೆಯನ್ನು ಬುಡದಿಂದ ಎಬ್ಬಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಆಮೇಲೆ ಅಕ್ಷರ ಕತ್ತರಿಸುವಷ್ಟೇ ಚೆಂದವಾಗಿ, ಒಂದು ಎಳೆ ಆಚೀಚೆಯಾಗದಂತೆ, ಆ ಅಂಚನ್ನು ಕತ್ತರಿಸಿ ತೆಗೆದ. ತೊಂಡೆ ಚಪ್ಪರ ಹೊಸ್ತಿಲ ಬಳಿ ಬಿದ್ದುಕೊಂಡಿತು.

ಪಿಕಪ್ಪಿನ ಹಿಂದೆ ಪೇಟೆಯನ್ನು ಗಾಳಿಯಿಂದ ಕಾಯಲು ಅವನೇ ಕೂರಬೇಕಾಯಿತು. ಮೊಟ್ಟೆಗೆ ಕೂತ ಕೋಳಿಯಂತೆ ಇಡೀ ಕುಂಟಲಪಾದೆಯ ಮೇಲೆ ಕೈಕಾಲು ಹರಡಿಕೊಂಡಿದ್ದ. ಪ್ರತಿ ರೌಂಡಬೌಟಿನಲ್ಲೂ ಮೊಬೈಲ್ ಟವರು ಅವನ ಪಕ್ಕೆಗೆ ಚುಚ್ಚಿತು. ದೂರದಲ್ಲಿ ದೋಹಾದ ಹೊಸ ಕಟ್ಟಡಗಳ ತಲೆಯ ಮೇಲೆ ಕ್ರೇನುಗಳು ನಿಂತಿದ್ದವು. ಅವನು ಬಂದಾಗ ಅಲ್ಲಿ ಏನೂ ಇರಲಿಲ್ಲ. ಏನೂ ಇರಲಿಲ್ಲವೆಂದು ತನಗೆ ಅನಿಸಿತ್ತಷ್ಟೇ, ಅಲ್ಲಿ ಯಾರ ಅಂಗಳವಿತ್ತೋ ಎಂದುಕೊಂಡ.

ಅವನಲ್ಲಿ ಇನ್ನೂ ಒಂದು ಆಸೆ ಉಳಿದಿತ್ತು. ಶರ್ಮಿಳಾ ಮೇಡಂ ಊರಿನವರು. ಅವರ ಅಜ್ಜಿ ಖಂಡಿತ ಆ ಜಗಲಿಯಲ್ಲಿ ಬಸ್ಸಿಗೆ ಕಾದಿರಬೇಕು. ಅವರು ಹಲಗೆ ನೋಡಿ, ಎಲ್ಲ ಉಂಟು, ಅಪ್ಪಿಯಕ್ಕನ ಮನೆ ಎಲ್ಲಿ ಎಂದು ಕೇಳುತ್ತಾರೆ. ಆಗ ತಾನು ಎಲ್ಲರೆದುರು ಜೇಬಿನಿಂದ ಅದನ್ನು ತೆಗೆಯುವುದು. ಅಧ್ಯಕ್ಷೆಯೇ ಕೇಳಿದ ಮೇಲೆ ಇಲ್ಲವೆನ್ನಲು ಯಾರಿಗೆ ಧೈರ್ಯ?

ಏಳೂವರೆಗೆ ಶರ್ಮಿಳಾ ಸಭಾಂಗಣಕ್ಕೆ ಬಂದರು. ಚುರುಕು ಹೆಂಗಸು, ರೇಷ್ಮೆ ಸೀರೆ, ಕಾಲಲ್ಲಿ ಬಾಣಂತಿ ಮನೆಯಿಂದ ಅವಸರದಲ್ಲಿ ಮೆಟ್ಟಿಕೊಂಡು ಬಂದ ರಬ್ಬರ್ ಚಪ್ಪಲಿ. ದೀಪ ಹಚ್ಚಿ ನೇರ ಹಲಗೆಯ ಬಳಿ ನಡೆದರು. ಒಣಮೀನಿನ ಅಂಗಡಿಯ ಬಳಿ ಅಬ್ಬಾಸಾಕ ಕೆಮ್ಮಿದರು, ಬೇಕರಿಯ ಬಳಿ ಕಾಸ್ಮಿರ್ ಕೈಮುಗಿದ. ಶರ್ಮಿಳಾ ನಿಂತದ್ದು ನೀಲಿ ರಟ್ಟಿನ ಮುಂದೆ.

"ಇದನ್ನು ಮಾಡಿದ್ದು ಯಾರು?"

ಎಲ್ಲರೂ ಸೇರಿ ದುಗ್ಗುವನ್ನು ಮುಂದೆ ತಳ್ಳಿದರು. ಅವನ ಕೈ ಆಗಲೇ ಜೇಬಿನೊಳಗಿತ್ತು.

"ಎಷ್ಟು ಕರೆಕ್ಟಾಗಿ ಇಟ್ಟಿದ್ದೀರಿ," ಎಂದರು ಶರ್ಮಿಳಾ. "ನಿಮಗೆ ಹೇಗೆ ಗೊತ್ತಾಯ್ತು ಅಂತ. ನಾನು ವಿಮಾನ ಹತ್ತುವ ಹಿಂದಿನ ದಿನ ಅಲ್ವಾ ಜೆಸಿಬಿ ತರಿಸಿದ್ದು."

ಕೂಟದವರಿಗೆ ಅರ್ಥವಾಗಲಿಲ್ಲ. ಶರ್ಮಿಳಾ ವಿವರಿಸಿದರು. ಮೂರು ವರ್ಷ ಜಾಗಕ್ಕಾಗಿ ಅಲೆದರಂತೆ. ಒಣಮೀನಿನವರು ಬಿಡಲಿಲ್ಲ, ಬೇಕರಿಯವರು ಕೋರ್ಟಿಗೆ ಹೋದರು, ಕಾಂಪ್ಲೆಕ್ಸಿನವರು ಮಂತ್ರಿಗೆ ಹೇಳಿಸಿದರು.

"ಕಡೆಗೆ ಒಂದು ಹಳೇ ಮನೆ ಸಿಕ್ಕಿತು. ಯಾರೋ ಅಪ್ಪಿಯಕ್ಕ ಅಂತೆ, ತೀರಿಹೋಗಿದ್ದಾರೆ. ಮಗ ಎಲ್ಲೋ ಇದ್ದಾನಂತೆ, ವಿಳಾಸ ಯಾರಿಗೂ ಗೊತ್ತಿಲ್ಲ. ನೋಟಿಸು ಬಾಗಿಲಿಗೇ ಅಂಟಿಸಿ ಮೂರು ತಿಂಗಳು ಕಾದೆವು. ಇಡೀ ಪೇಟೆಯಲ್ಲಿ ತಕರಾರು ಬಾರದ್ದು ಅದೊಂದೇ ಮನೆಯಿಂದ. ತುಂಬಾ ಒಳ್ಳೆ ಜನ. ಈಗ ಬಸ್ಸು ಆರಾಮಲ್ಲಿ ತಿರುಗ್ತದೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಬ್ಬಾಸಾಕ ತಗ್ಗಿದ ದನಿಯಲ್ಲಿ ಹೇಳಿದರು, "ಮೇಡಂ, ಆ ಮಗ ಇವನೇ."

ಶರ್ಮಿಳಾರ ಕೈ ಸೆರಗಿಗೆ ಹೋಯಿತು. ಅಬ್ಬಾಸಾಕ ಬಗ್ಗಿ, ಬೆಳಿಗ್ಗೆ ಅಪ್ಪಿಯಕ್ಕನ ಮನೆ ಎತ್ತಿದ ಅದೇ ಎರಡು ಬೆರಳಲ್ಲಿ ತಮ್ಮ ಬಾಪನ ಅಂಗಡಿಯನ್ನು ಕಿತ್ತು ಜುಬ್ಬಾದ ಜೇಬಿಗೆ ಹಾಕಿಕೊಂಡರು. "ಇಲ್ಲಿ ಇಡು ದುಗ್ಗು. ಹುಣಸೆ ಮರದ ನೆರಳು ಉಂಟು." ಕಾಸ್ಮಿರ್ ಬೇಕರಿಯನ್ನು ಎತ್ತಿಕೊಂಡ, ಅಲ್ಲಿ ಬೇಡವಾದರೆ ಇಲ್ಲಿಡು ಎಂದ. ಅಕ್ಷಿತ್ ಕಾಂಪ್ಲೆಕ್ಸನ್ನು ಕಂಕುಳಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬಸ್‌ಸ್ಟ್ಯಾಂಡನ್ನು ಜಗ್ಗತೊಡಗಿದ. ಇಡೀ ದಿನ ಹಿಡಿಯದಿದ್ದ ಗೋಂದು ಅದೊಂದಕ್ಕೆ ಮಾತ್ರ ಕಲ್ಲಿನಂತೆ ಹಿಡಿದಿತ್ತು. ಅದು ಅಲುಗಲಿಲ್ಲ.

"ಹಲಗೆ ತಾನೆ," ಎಂದರು ಶರ್ಮಿಳಾ ಮೆತ್ತಗೆ. "ಎಲ್ಲಿ ಬೇಕಾದರೂ ಇಡಿ ಅಣ್ಣ. ಎಲ್ಲಾ ನಿಮ್ಮದೇ ಜಾಗ."

ಪೇಟೆ ಬಹುಪಾಲು ಖಾಲಿಯಾಗಿತ್ತು. ಕಪ್ಪು ಬಂಡೆ, ನೇರಳೆ ಮರ, ನಡುವೆ ಬೇಕಾದಷ್ಟು ಬಯಲು. ಹೆಂಡಿರು ಮಕ್ಕಳ ಸಮೇತ ಇಡೀ ಕೂಟ ದುಗ್ಗುವಿನ ಕೈಯನ್ನೇ ನೋಡುತ್ತಿತ್ತು. ಜೇಬಿನೊಳಗೆ ಮನೆ ಮೈಯ ಬಿಸಿಗೆ ಬೆಚ್ಚಗಾಗಿತ್ತು. ಮಾಡು ಒಂದು ಬದಿಗೆ ನುಗ್ಗಾಗಿದ್ದದ್ದು ಬೆರಳಿಗೆ ತಿಳಿಯಿತು. ಅವನು ಏನು ಹೇಳುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಕಾಸ್ಮಿರ್ ಆಗಲೇ ಗೋಂದಿನ ಟ್ಯೂಬಿನ ಮುಚ್ಚಳ ತೆಗೆದು ಹಿಡಿದಿದ್ದ.

"ಬೇಡ," ಎಂದ ದುಗ್ಗು.